ಒಂದು ಪತ್ರವೂ ತಪ್ಪಿಸಿಕೊಳ್ಳದ ಸರ್ವರ್ ಕುರಿತು

ನಾನು, ಟೋರ್ಕಿಲ್ ಬ್ಯೆರಗೋರ್, ಪ್ರಾಯ ಐವತ್ತನಾಲ್ಕು, ಡೆನ್ಮಾರ್ಕಿನ ಹೆಲ್ಸ್ವಿಗ್ ಚಿಪ್ಪುಮೀನು ಸಹಕಾರ ಸಂಘದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ (ವಿಭಾಗದಲ್ಲಿ ಇರುವುದೂ ನಾನೊಬ್ಬನೇ), ವಾಸ ಅದೇ ಊರಿನ ಬಂದರು ಬೀದಿ, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಮಾರ್ಚ್ 4ರಂದು ನಮ್ಮ ನಿರ್ದೇಶಕ ಈಗಿಲ್ ಅವರು ಕಂಪ್ಯೂಟರ್ ಲಾಕ್ ಮಾಡದೆ ಕಾಫಿಗೆ ಎದ್ದುಹೋದಾಗ, ಅವರ ಕುರ್ಚಿಯಲ್ಲಿ ಕುಳಿತು, ಅವರ ಹೆಸರಿನಲ್ಲಿ, ನಾಳೆ ಎಲ್ಲರಿಗೂ ನನ್ನ ಕಡೆಯಿಂದ ಕೇಕ್ ಎಂದು ಇಡೀ ಕಚೇರಿಗೆ ಇಮೇಲ್ ಕಳುಹಿಸಿದವನು ನಾನೇ. ಲಾಕ್ ಮರೆತವರಿಗೆ ನಮ್ಮ ಕಚೇರಿಯಲ್ಲಿ ಇದೇ ದಂಡ. ಮರುದಿನ ಅವರು ಕೇಕ್ ತಂದರು. ಎರಡು ತುಂಡು ನಾನು ತಿಂದೆ. ಮಾಲನ್ನು ವಶಪಡಿಸಿಕೊಳ್ಳುವ ಕಾಲ ಮೀರಿದೆ.

ಸಂಘದ ಇಮೇಲ್ ಸಂಗ್ರಹ ಸರ್ವರನ್ನು ಕಳೆದ ವರ್ಷ ಕೂರಿಸಿದವನು ನಾನು. ಹೊರಗಿನ ಯಾವ ಕಂಪನಿಯೂ ಕೈಹಾಕಿಲ್ಲ. ಬರುವ, ಹೋಗುವ ಪ್ರತಿ ಪತ್ರದ ನಕಲೂ ಅದರೊಳಗೆ ಬೀಳುತ್ತದೆ. ಐದು ವರ್ಷ ಅದನ್ನು ಯಾರೂ ಅಳಿಸುವಂತಿಲ್ಲ, ತಿದ್ದುವಂತಿಲ್ಲ, ನಾನೂ ಅಷ್ಟೇ. ಮೊದಲ ದಿನ ಸರ್ವರ್, ಒಂದು ಪತ್ರ ಜಮೆಯಾಗಿದೆ ಎಂದು ನನಗೆ ವರದಿ ಕಳುಹಿಸಿತು. ಆ ವರದಿಯೂ ಪತ್ರವೇ ಆದ್ದರಿಂದ ಅದನ್ನೂ ಜಮೆ ಮಾಡಿಕೊಂಡು, ಆ ಜಮೆಗೂ ವರದಿ ಕಳುಹಿಸಿತು. ಊಟದ ಹೊತ್ತಿಗೆ ಡಿಸ್ಕ್ ಅರ್ಧ ತುಂಬಿತ್ತು, ನನ್ನ ಹೊಟ್ಟೆ ಪೂರ್ತಿ ಖಾಲಿ. ಸಂಜೆಯೊಳಗೆ ಅದನ್ನೂ ಸರಿಪಡಿಸಿದೆ. ನೆರೆಯ ಎರಡು ಸಂಘದವರು ಬಂದು ನೋಡಿ, ಫೋಟೊ ತೆಗೆದುಕೊಂಡು ಹೋಗಿದ್ದಾರೆ.

ಮಾರ್ಚ್ 12ರಂದು ಬೆಳಿಗ್ಗೆ 10-10ಕ್ಕೆ ಲೆಕ್ಕ ವಿಭಾಗದ ವಿಬೆಕೆ ಹೋಲ್ಮ್‌ಗೋರ್ ಅವರ ಖಾತೆಯಿಂದ ನಮ್ಮ ಟೆಂಡರ್ ದರಗಳು ಎದುರಾಳಿ ಸಂಸ್ಥೆಗೆ ಹೋದವು. ಆಗ ಆಕೆ ಹಲ್ಲಿನ ವೈದ್ಯರ ಬಳಿ ಇದ್ದರು. ಫೋನಿನಿಂದಲೂ ಕಳುಹಿಸಬಹುದಲ್ಲ ಎಂದು ನಿರ್ದೇಶಕರು ಆಕೆಯ ಖಾತೆಯನ್ನು ಮುಚ್ಚಿಸಿ ಠಾಣೆಗೆ ದೂರು ಕೊಟ್ಟರು. ತನ್ನ ಹೆಸರಿನಲ್ಲಿ ಏನೋ ಹೋದದ್ದನ್ನು ಫೋನಿನಲ್ಲಿ ಕಂಡು ಆ ಕ್ಷಣವೇ ಟೋರ್ಕಿಲ್‌ಗೆ ಬರೆದೆ ಎಂದು ವಿಬೆಕೆ ಹೇಳಿದರು. ನನ್ನನ್ನು ಕೇಳಲಾಯಿತು. ಸರ್ವರ್ ಹುಡುಕಿದೆ, ಅಂಥ ಪತ್ರ ಇರಲಿಲ್ಲ. ನನ್ನ ಸರ್ವರ್‌ನಲ್ಲಿ ಇಲ್ಲದ ಪತ್ರ ಲೋಕದಲ್ಲೇ ಇಲ್ಲ ಎಂದು 14ರಂದು ಇದೇ ಮೇಜಿನ ಮುಂದೆ ಹೇಳಿಕೆ ಕೊಟ್ಟು, ಎದೆಯುಬ್ಬಿಸಿ ಹೋಗಿದ್ದೆ. ವಿಬೆಕೆಯನ್ನು ಮನೆಗೆ ಕಳುಹಿಸಿದರು. ಬರುವ ಸೋಮವಾರ ಕೆಲಸದಿಂದಲೇ ತೆಗೆಯುವುದೆಂದು ತೀರ್ಮಾನವಾಗಿದೆ. ಸಂಘದಲ್ಲಿ ಆಕೆಯದು ಇಪ್ಪತ್ತಾರು ವರ್ಷದ ಸೇವೆ.

ನಿನ್ನೆ ಸಂಜೆ ವಿಬೆಕೆ ನಮ್ಮ ಮನೆಗೆ ಬಂದರು. ಬೂಟನ್ನೂ ಬಿಚ್ಚಲಿಲ್ಲ. "ಅಲ್ಲಾ ಮಾರಾಯ, ಬಾಯಿ ತುಂಬ ಹತ್ತಿ ಇಟ್ಕೊಂಡು ಕೂತೋಳು ಟೆಂಡರ್ ಮಾರ್ತಾಳಾ? ಅರ್ಧ ಮುಖ ಮರಗಟ್ಟಿತ್ತು, ಬೆರಳೊಂದೇ ಆಡ್ತಿತ್ತು. ಆ ಬೆರಳಲ್ಲೇ ನಿಂಗೆ ಬರ್ದಿದ್ದು!" ಎಂದರು. ಸರ್ವರ್ ಸುಳ್ಳು ಹೇಳುವುದಿಲ್ಲ ಎಂದು ನಾನು ತಿಳಿಸಿದೆ. "ಸರ್ವರ್ ಹೇಳಲ್ಲ ಬಿಡು. ಅದನ್ನ ಕೂರಿಸಿದೋನು?" ಎಂದು ಕೇಳಿ, ಕಾಫಿಯನ್ನೂ ಕುಡಿಯದೆ ಹೊರಟರು. ಒಳಗಿನಿಂದ ನನ್ನ ಹೆಂಡತಿ ಗ್ರೆಟೆ, "ಆಕೆ ಕೇಳಿದ್ದಕ್ಕೆ ಉತ್ತರ ಕೊಡ್ಬಾರ್ದಿತ್ತಾ?" ಎಂದಳು.

ಉತ್ತರ ಇದು. ಆ ಮೊದಲ ದಿನದ ನಂತರ ಸರ್ವರ್‌ಗೆ ನಾನು ಒಂದೇ ಒಂದು ವಿನಾಯಿತಿ ಬರೆದಿದ್ದೇನೆ. ನನಗೆ ಬರುವ, ನನ್ನಿಂದ ಹೋಗುವ ಪತ್ರಗಳನ್ನು ಅದು ಮುಟ್ಟುವುದಿಲ್ಲ.

ಕಾರಣ: ನಮ್ಮಲ್ಲಿ ದೊಡ್ಡ ಹುಟ್ಟುಹಬ್ಬವೆಂದರೆ ಎಲ್ಲರಿಗೂ ಗೊತ್ತಿರುವ ರಾಗಕ್ಕೆ ಹೊಸ ಹಾಡು ಕಟ್ಟಿ, ಊಟದ ಮೇಜಿನಲ್ಲಿ ಎಲ್ಲರೂ ಒಟ್ಟಿಗೆ ಹಾಡಬೇಕು. ಸಂಘದ ಅಂಥ ಹಾಡುಗಳನ್ನೆಲ್ಲ ಕಟ್ಟುವವನು ನಾನೇ, ಕಚೇರಿ ವೇಳೆಯಲ್ಲೇ. ನಿರ್ದೇಶಕರ ಅರವತ್ತಕ್ಕೆ ಕಟ್ಟುತ್ತಿದ್ದ ಹಾಡಿನ ಮೊದಲ ಕರಡಿನಲ್ಲಿ ಅವರ ಸಭೆನಿದ್ದೆ, ಕೈಬಿಗಿ ಮತ್ತು ಕೃತಕ ಕೂದಲಿನ ಟೋಪನ್ನು ವರ್ಣಿಸಿದ್ದೆ. ಇವು ಐದು ವರ್ಷ ಅಳಿಸಲಾಗದಂತೆ ಉಳಿಯುವುದು ನನಗೆ ಬೇಕಿರಲಿಲ್ಲ.

ಕರಡನ್ನು ವಿಬೆಕೆಗೆ ಕಳುಹಿಸಿದ್ದೆ. ಏಳನೇ ಚರಣ ಕುಂಟುತ್ತದೆ ಎಂದು 11ರಂದು ಉತ್ತರಿಸಿದ್ದರು, ನನಗೆ ಬೇಸರವಾಗಿತ್ತು. 12ರಂದು ಅದೇ ಶೀರ್ಷಿಕೆಯಡಿ ಮತ್ತೊಂದು ಪತ್ರ ಬಂದಾಗ, ಇನ್ನೂ ಒಂದು ಚರಣದ ಕಾಲು ಮುರಿಯಲು ಬಂದಿದ್ದಾರೆಂದು ತಿಳಿದು, ತೆರೆಯದೆ ಕಸಕ್ಕೆ ಹಾಕಿದೆ. ಇಂದು ಬೆಳಿಗ್ಗೆ ಕಸದಿಂದ ತೆಗೆದು ನೋಡಿದೆ. ಸಮಯ 10-14. "ನನ್ನ ಹೆಸರಲ್ಲಿ ಏನೋ ಹೊರಗೆ ಹೋಗಿದೆ. ಕೇಕ್ ತಮಾಷೆ ಅಲ್ಲ ಅನ್ಸತ್ತೆ. ಬೇಗ ನೋಡು ಟೋರ್ಕಿಲ್" ಎಂದಿದೆ.

ಆ ಪತ್ರವನ್ನು ಹಾಜರುಪಡಿಸಿದ್ದೇನೆ. ಉತ್ತರದ ಕೆಳಗೆ ಮೂಲಪತ್ರ ಅಂಟಿಕೊಂಡೇ ಬರುವುದರಿಂದ, ಅದರ ಕೆಳಗೆ ಹಾಡು ಪೂರ್ತಿ ಇದೆ. ಕತ್ತರಿಸಿ ಕೊಡಬಹುದೇ ಎಂದು ಅಧಿಕಾರಿ ಇಂಗೆರ್ಲಿಸ ಅವರನ್ನು ಕೇಳಿದೆ. ಸಾಕ್ಷ್ಯವನ್ನು ಕತ್ತರಿಸುವಂತಿಲ್ಲ, ದೂರುದಾರರಾದ ನಿರ್ದೇಶಕರಿಗೂ ಒಂದು ಪ್ರತಿ ಹೋಗುತ್ತದೆ ಎಂದು ಅವರು, ಟೋಪಿನ ಚರಣವನ್ನು ಎರಡನೇ ಸಲ ಓದುತ್ತಾ, ತಿಳಿಸಿದರು. ಹೋಗಲಿ. ಸೋಮವಾರದೊಳಗೆ ಹೋಗಲಿ.

ಬರೆಸಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಡೆದಂತೆಯೇ ಇದೆ. 14ರ ನನ್ನ ಹೇಳಿಕೆಯಲ್ಲಿ "ಒಂದು ಪತ್ರವೂ ತಪ್ಪಿಸಿಕೊಳ್ಳದು" ಎಂದಿರುವಲ್ಲಿ "ನನ್ನವು ಹೊರತು" ಎಂದು ಸೇರಿಸಿಕೊಳ್ಳಬೇಕು.

ಸ್ಥಳ: ಹೆಲ್ಸ್ವಿಗ್ ಠಾಣೆ
ದಿನಾಂಕ: ಮಾರ್ಚ್ 19
(ಸಹಿ) ಟೋರ್ಕಿಲ್ ಬ್ಯೆರಗೋರ್