ಅಕ್ಕನ ಮೀನಿನ ಸ್ಟ್ಯಾಂಡು

...ಅಯ್ಯೋ ಅಣ್ಣಾ, ಮೊದಲು ಆ ಬ್ಯಾಗು ಕೆಳಗಿಡು! ಐದು ದಿನ ಬಸ್ಸಲ್ಲಿ ದೇವಸ್ಥಾನ ದೇವಸ್ಥಾನ ಸುತ್ತಿ ಬಂದಿದ್ದೀಯ, ಸೊಂಟ ಹಿಡ್ಕೊಂಡಿರುತ್ತೆ. ಹೊಸ್ತಿಲಲ್ಲೇ ನಿಂತು ಹಂಗೆ ಬಾಯಿ ಬಿಟ್ಕೊಂಡು ನೋಡಿದ್ರೆ ಹೆಂಗೆ? ಹೌದು, ಅದು ಮಂಚ ಅಲ್ಲ. ಮೇಜೂ ಅಲ್ಲ. ಶವಪೆಟ್ಟಿ... ಛೀ, ಬಿಡ್ತು ಅನ್ನು! ಮೀನಿನ ತೊಟ್ಟಿ ಇಡೋ ಸ್ಟ್ಯಾಂಡು. ನಾನೇ ಮಾಡಿದ್ದು. ಈ ಎರಡು ಕೈಯಲ್ಲಿ.

ಯಾಕೆ ನಗ್ತೀಯ?

ಗೊತ್ತು, ಗೊತ್ತು. ನೀನು ನಲವತ್ತು ವರ್ಷ ಊರೂರಿಗೆ ದೇವರ ಮೇಜು ಮಾಡ್ಕೊಟ್ಟ ಬಡಗಿ. ನಾನು ಟ್ಯಾಕ್ಸಿ ಓಡಿಸ್ಕೊಂಡಿದ್ದೋನು. ನಾನು ಮಾಡಿದ ಸ್ಟೂಲಿಂದ ಸೋದರಮಾವ ಬಿದ್ದಿದ್ದೂ ನಿಜ. ಆದ್ರೆ ಆವತ್ತು ಕುಡಿದಿದ್ದು ಮಾವ ಅಣ್ಣಾ, ಸ್ಟೂಲು ಕುಡಿದಿರಲಿಲ್ಲ! ಅದನ್ನ ಮಾತ್ರ ಯಾರೂ ಹೇಳಲ್ಲ ಈ ಮನೇಲಿ.

ಬಾ, ತಟ್ಟಿ ನೋಡು. ಅಲ್ಲಾಡಿಸು. ಜೋರಾಗಿ! ಏನಾದ್ರೂ ಅಲ್ಲಾಡ್ತಾ? ಅತ್ತಿಗೇನ ಹತ್ತಿಸಿ ಕುಣಿಸಿ ನೋಡಿದ್ದೀನಿ. ...ಹ್ಞೂಂ, ನಿಜವಾಗ್ಲೂ ಹತ್ತಿದ್ರು. ಅವರಿಗೆ ಸಿಟ್ಟು ಬಂದಿತ್ತು, ನನಗೆ ಭಾರ ಬೇಕಿತ್ತು, ಇಬ್ಬರಿಗೂ ಅನುಕೂಲ ಆಯ್ತು. ಸಿಟ್ಟು ಯಾಕೆ ಅಂದ್ರೆ... ಮೀನು ನಿಮ್ಮ ಬಾತ್‌ಟಬ್ಬಲ್ಲಿದೆ. ಅತ್ತಿಗೆ ಮೂರು ದಿನದಿಂದ ಬಕೆಟ್ಟಲ್ಲಿ ನೀರು ಹೊಯ್ಕೊಳ್ತಿದ್ದಾರೆ.

ಯಾವ ಮೀನು ಅಂತ ಕಣ್ಣಲ್ಲೇ ಕೇಳ್ತೀಯಲ್ಲ, ಗೊತ್ತಿಲ್ವಾ ನಿನಗೆ? ಲಾನ್-ಯಿಂಗ್ ಅಕ್ಕಂದು. ಅವಳ ಬ್ಯೂಟಿ ಪಾರ್ಲರ್ ಗೋಡೆ ಪಕ್ಕ ತೊಟ್ಟೀಲಿತ್ತಲ್ಲ, ಗಡ್ಡ ಇರೋ ಆ ಡ್ರ್ಯಾಗನ್ ಮೀನು. ಅಕ್ಕ ತೀರ್ಕೊಂಡು ಎರಡು ವರ್ಷ ಆಯ್ತು, ಆ ಅಂಗಡಿ ಹುಡುಗಿ ಪಾಪ ಇಷ್ಟು ದಿನ ಸಾಕಿದ್ಲು. ಈಗ ಅಂಗಡೀನ ಬೇರೆಯವರು ತಗೊಂಡು ಚಹಾ ಅಂಗಡಿ ಮಾಡ್ತಾರಂತೆ. ಮೀನು ತಗೊಂಡು ಹೋಗಿ, ಇಲ್ಲಾಂದ್ರೆ ಮಾರ್ತೀವಿ ಅಂದ್ರು. ಮಾರೋದಾ? ಅಕ್ಕನ ಮೀನನ್ನಾ? ತಂದ್ಬಿಟ್ಟೆ. ನೀನು ಊರಲ್ಲಿರಲಿಲ್ಲ, ಕೇಳೋಕಾಗಲಿಲ್ಲ.

ಸುಳ್ಳು. ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ನೋಡು, ಈಗ ಕೇಳ್ತಿದ್ದೀನಿ. ಈ ಮನೆಗೆ ಹಿರಿಯ ನೀನು. ನೀನು ಹ್ಞೂಂ ಅಂದ್ರೆ ಈಗಲೇ ತೊಟ್ಟಿ ಎತ್ತಿಟ್ಟು ನೀರು ಬಿಡ್ತೀನಿ. ಊಹ್ಞೂಂ ಅಂದ್ರೆ ಮೀನಿನ ಅಂಗಡಿಯೋನು ಸಂಜೆ ಬಂದು ಎತ್ಕೊಂಡು ಹೋಗ್ತಾನೆ. ಅಷ್ಟೇ ವಿಷಯ. ಅವಳದ್ದು ಅಂತ ಈ ಮನೇಲಿ ಒಂದಾದ್ರೂ ಇರಲಿ ಅಣ್ಣಾ. ಒಂದೇ ಒಂದು.

ಯಾಕೆ ಅತ್ತ ಮುಖ ತಿರುಗಿಸ್ತೀಯ? ಸರಿ, ಆ ಮಾತು ಬೇಡ. ಮರದ ಮಾತಾಡೋಣ.

ಬಗ್ಗಿ ನೋಡು ಇಲ್ಲಿ. ಭಾರ ಎಲ್ಲಾ ಕಂಬದ ಮೇಲೆ. ಅಡ್ಡಪಟ್ಟಿ ಸ್ಕ್ರೂನಲ್ಲಿ ನೇತಾಡ್ತಿಲ್ಲ, ಕಂಬದ ತಲೆ ಮೇಲೇ ಕೂತಿದೆ. ನೀನೇ ಅಂತಿದ್ದೆಯಲ್ಲ, ಸ್ಕ್ರೂ ಅನ್ನೋದು ಹಿಡ್ಕೊಳ್ಳೋಕೆ, ಹೊರೋಕಲ್ಲ ಅಂತ. ತೊಟ್ಟಿ ತುಂಬಿದ್ರೆ ಏಳುನೂರು ಕಿಲೋ! ಅದಕ್ಕೇ ಆರು ಕಾಲು. ನಾಲ್ಕು ಸಾಕು ಅಂತೀಯಾ? ನಾಲ್ಕು ಸಾಕಾಗ್ತಿತ್ತು, ನಾನು ನೀನಾಗಿದ್ದಿದ್ರೆ. ಮೇಲೆ ದಪ್ಪ ಪ್ಲೈವುಡ್ಡು, ಅದರ ಮೇಲೆ ಥರ್ಮೋಕೋಲ್ ಹಾಳೆ, ಒಂದು ಮರಳಿನ ಕಾಳು ಸಿಕ್ಕಿದ್ರೂ ಗಾಜು ಸೀಳದ ಹಾಗೆ. ರಸಮಟ್ಟ ಇಟ್ಟು ನೋಡು ಬೇಕಾದ್ರೆ, ಗುಳ್ಳೆ ನಟ್ಟ ನಡುವೆ ನಿಲ್ಲುತ್ತೆ. ನಮ್ಮ ನೆಲವೇ ಸೊಟ್ಟ, ಒಂದು ಕಾಲಿಗೆ ಅರ್ಧ ದಿನ ಹಿಡೀತು.

ನಕ್ಕೆ! ಈ ಸಲ ಮೆಚ್ಚಿ ನಕ್ಕೆ ನೀನು. ಒಪ್ಕೋ.

...ಶುಭ ಅಶುಭ ತೋರಿಸೋ ಆ ಟೇಪು ಯಾಕೆ ತೆಗೆದೆ?

ಅಯ್ಯೋ, ಮನೆಯವರ ಕೆಲಸಕ್ಕೂ ಅಳತೆ ನೋಡೋದಾ? ನೋಡು, ನೋಡು. ಎತ್ತರ ಕೆಂಪಿಗೇ ಬರುತ್ತೆ. ಉದ್ದಾನೂ ಕೆಂಪು. ಕಪ್ಪಿಗೆ ಬಂದ್ರೆ ಮನೆ ಹಾಳು ಅಂತ ಚಿಕ್ಕಂದಿಂದ ನಿನ್ನ ಬಾಯಲ್ಲಿ ಕೇಳಿ ಕೇಳಿ, ಕನಸಲ್ಲೂ ನಾನು ಕಪ್ಪಿಗೆ ಮರ ಕುಯ್ಯಲ್ಲ. ಅಗಲಾನೂ... ಸರಿ ಇದೆ ತಾನೆ? ಸಾಕು. ಬಾ, ಕಾಲು ತೊಳ್ಕೋ, ಅತ್ತಿಗೆ ಸಿಗಡಿ ಹಾಕಿ ನೂಡಲ್ಸ್ ಮಾಡಿದ್ದಾರೆ.

ಸ್ಟ್ಯಾಂಡಿನ ಹೊಟ್ಟೇಲಿರೋ ಆ ಬೀರು ಬಾಗಿಲು ತೆಗೀಬೇಡ ಅಣ್ಣಾ. ಅದರೊಳಗೆ ಪಂಪು. ಪೈಪು, ಮೀನಿನ ಔಷಧಿ, ಗಲೀಜು. ಕೆಳಗಿನ ಖಾನೇಲಿದೆ ಅದೆಲ್ಲಾ. ಮೇಲಿನ ಖಾನೆ... ಖಾಲಿ. ಏನೋ ಬಟ್ಟೆ ಮುಚ್ಚಿಟ್ಟಿದ್ದೀನಿ, ಧೂಳು ಕೂರಬಾರದು ಅಂತ. ಖಾಲಿ ಖಾನೆಗೆ ಧೂಳು ಕೂತ್ರೆ ಏನು ಅಂತೀಯಾ? ಸುಮ್ನೆ. ಹಂಗ್ಯಾಕೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಾ ನಾನು?

ಆ ಮೇಲಿನ ಖಾನೇನ ಹೊರಗಿಂದಲೂ ಅಳೀಬೇಡ.

ಹ್ಞಾಂ, ಕಪ್ಪು. ತಪ್ಪಾಗಿದೆ. ಕನ್ನಡಕ ಹಾಕ್ಕೊಂಡಿರಲಿಲ್ಲ. ಟೇಪಲ್ಲಿ ಎರಡು ಸಾಲು ಇರುತ್ತಲ್ಲ, ಮೇಲಿನದು ಬದುಕಿರೋರಿಗೆ, ಕೆಳಗಿಂದು ಸತ್ತೋರಿಗೆ. ಗೋರಿಗೆ, ಹಿರೀಕರ ಹೆಸರಿನ ಹಲಗೆ ಇಡೋ ಗೂಡಿಗೆ. ಕಣ್ಣು ಜಾರಿ ಕೆಳಗಿನ ಸಾಲು ನೋಡ್ಬಿಟ್ಟಿದ್ದೀನಿ. ಆಗುತ್ತೆ. ವಯಸ್ಸು.

ಎತ್ತರ ಕೆಳಗಿನ ಸಾಲಲ್ಲಿ ಕೆಂಪು... ಹೌದಾ? ಏನೋ, ಹಂಗೆ ಬಂದಿದೆ.

ಅಗಲಾನೂ ಕೆಂಪು.

ಆಳಾನೂ...

ಎದ್ದೇಳಣ್ಣಾ. ಬಯ್ಯಿ. ಹಂಗೆ ಟೇಪು ಹಿಡ್ಕೊಂಡು ಮಂಡಿಯೂರಿ ಕೂತುಬಿಟ್ರೆ ನಾನೇನು ಅಂದ್ಕೊಳ್ಳಲಿ? ಮೂರು ಅಳತೇಲೂ ಕಣ್ಣು ಜಾರುತ್ತಾ ಅಂತ ತಾನೆ ನಿನ್ನ ಪ್ರಶ್ನೆ? ಜಾರಲ್ಲ. ಸಾಯಲಿ ಅತ್ತ. ಹೌದು. ಅಕ್ಕ ಒಳಗಿದ್ದಾಳೆ. ಬಟ್ಟೆ ಕೆಳಗಿರೋದು ಅವಳ ಆತ್ಮ ಕೂತಿರೋ ಹೆಸರಿನ ಹಲಗೆ.

ಸೋಮವಾರ ಬೆಟ್ಟದ ದೇವಸ್ಥಾನಕ್ಕೆ ಹೋದೆ. ಮದುವೆ ಆಗದೆ ಸತ್ತ ಹೆಣ್ಣುಮಕ್ಕಳ ಹಲಗೆಗಳನ್ನೆಲ್ಲಾ ಅಲ್ಲಿ ಸಾಲಾಗಿ ನಿಲ್ಲಿಸಿದ್ದಾರಲ್ಲ ಅಣ್ಣಾ, ರೈಲ್ವೆ ಸ್ಟೇಷನ್ನಲ್ಲಿ ಲಗೇಜ್ ಇಟ್ಟ ಹಾಗೆ. ಅವಳಿದ್ದದ್ದು ಮೂರನೇ ಸಾಲಲ್ಲಿ, ಕಂಬದ ಹಿಂದೆ. ನನಗೆ ಹೊಟ್ಟೆ ಉರಿದುಹೋಯ್ತು. ಮನೆಗೆ ಬರ್ತೀಯಾ ಅಂತ ಕೇಳಿ, ಸತ್ತೋರ ಉತ್ತರ ತಿಳಿಸೋ ಆ ಎರಡು ಮರದ ತುಂಡು ನೆಲಕ್ಕೆ ಹಾಕಿದೆ. ಮೊದಲನೇ ಸಲ ಎರಡೂ ಅಂಗಾತ ಬಿತ್ತು, ನಗ್ತಿದ್ದಾಳೆ ಅಂತ ಅರ್ಥ. ನಗದೆ ಇನ್ನೇನು, ನನ್ನ ಮುಖ ನೋಡಿ! ಆಮೇಲೆ ಮೂರು ಸಲಾನೂ ಒಂದು ಅಂಗಾತ ಒಂದು ಬೋರಲು ಬಿದ್ದು, ಹ್ಞೂಂ ಅಂದ್ಲು.

ಸ್ಕೂಟರಲ್ಲೇ ತಂದೆ. ಎದೆಗೆ ಬಟ್ಟೆ ಕಟ್ಟಿ ಅದರೊಳಗೆ ಅವಳು, ಬಿಸಿಲು ತಾಗಬಾರದು ಅಂತ ಮೇಲೆ ಕಪ್ಪು ಕೊಡೆ. ಗಾಳೀಗೆ ಕೊಡೆ ಎರಡು ಸಲ ಉಲ್ಟಾ ಆಯ್ತು. ಪ್ರತಿ ಸೇತುವೆಗೂ ಕೂಗಿದೆ: ಅಕ್ಕಾ, ಸೇತುವೆ ಬಂತು, ದಾಟ್ತಿದ್ದೀವಿ, ಜೊತೇಲೇ ಬಾ! ಮೋರಿಗೂ ಕೂಗಿದೆ, ಆಚೆ ದಡದಲ್ಲಿ ಉಳಿದುಬಿಟ್ರೆ ಅಂತ. ಸಿಗ್ನಲ್ಲಲ್ಲಿ ಕಾಲೇಜು ಹುಡುಗೀರು ಬಿದ್ದು ಬಿದ್ದು ನಕ್ರು.

ಹುಟ್ಟಿದ ಮನೇಲಿ ಸತ್ತ ಮಗಳ ಹೆಸರಿನ ಹಲಗೆ ಇಡಬಾರದು, ಗೊತ್ತು. ಆವತ್ತು ನೀನು ರಿವಾಜು ಅಂದೆ, ನಾನೂ ತಲೆ ತಗ್ಗಿಸ್ಕೊಂಡು ನಿಂತೆ. ನಿನ್ನೊಬ್ಬನನ್ನೇ ಬಯ್ಯಲ್ಲ. ಆದ್ರೆ ಆ ದೇವರ ಮೇಜಿನ ಮೇಲೆ ಹಲಗೆಯಾಗಿ ಕೂತಿದ್ದಾನಲ್ಲ ನಮ್ಮ ತಾತ, ಜೂಜಾಡಿ ಎರಡು ಗದ್ದೆ ಕಳೆದೋನು, ಅಜ್ಜಿಗೆ ಹೊಡೀತಿದ್ದೋನು, ಅವನಿಗೆ ದಿನಾ ಹಣ್ಣು, ಚಹಾ! ಇವಳು ಅಮ್ಮ ಹಾಸಿಗೆ ಹಿಡಿದಾಗ ಏಳು ವರ್ಷ ವಾರವಾರ ಬಂದು ತಲೆ ತೊಳೆದಳು, ಉಗುರು ಕತ್ತರಿಸಿದಳು. ಇವಳಿಗೆ ಕಂಬದ ಹಿಂದೆ ಜಾಗ. ಯಾವ ಸೀಮೆ ನ್ಯಾಯ ಅಣ್ಣಾ ಇದು?

ನಾನು ಅವಳನ್ನ ಹಿರೀಕರ ಪಕ್ಕ ಇಟ್ಟಿಲ್ಲ. ಮೀನಿನ ಸ್ಟ್ಯಾಂಡಲ್ಲಿಟ್ಟಿದ್ದೀನಿ. ಮೀನಿನ ಸ್ಟ್ಯಾಂಡಲ್ಲಿ ಏನಿಡಬಾರದು ಅಂತ ಯಾವ ರಿವಾಜೂ ಇಲ್ಲ, ನಾನು ವಿಚಾರಿಸಿದ್ದೀನಿ.

...ಮೇಲಕ್ಕೆ ಯಾಕೆ ಬೆರಳು ತೋರಿಸ್ತೀಯ? ತಲೆ ಮೇಲೆ ನೀರು ಅಂತಾನಾ? ಅಂಗಡೀಲೂ ತೊಟ್ಟಿ ಬುಡದಲ್ಲೇ ಚಾಪೆ ಹಾಕ್ಕೊಂಡು ಮಲಗ್ತಿದ್ದಳು ಮಹರಾಯ್ತಿ. ಪಂಪಿನ ಸದ್ದಿಲ್ಲಾಂದ್ರೆ ನಿದ್ದೆ ಬರಲ್ಲ ಅಂತಿದ್ಲು.

ಬೇಡ ಅಂದ್ರೆ ಬೇಡ ಅನ್ನು. ನಾಳೆನೇ ವಾಪಸ್ ಬಿಟ್ಟು ಬರ್ತೀನಿ, ಅಷ್ಟೂ ಸೇತುವೆಗೆ ಕೂಗ್ಕೊಂಡು. ಅದೊಂದು ನನ್ನ ಕೈಲಾಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೂ ನೀನು ಹೇಳಿದ್ರೆ ಮಾಡ್ತೀನಿ.

ಬಾಗಿಲು ತೆಗೀತೀಯಾ? ...ಮೆಲ್ಲಗೆ. ಬಟ್ಟೆ ಎಡಗಡೆಯಿಂದ ಎತ್ತು.

ಯಾಕೆ ಕಿವಿ ಮೇಲಿಂದ ಪೆನ್ಸಿಲ್ ತೆಗೆದೆ? ಅಲ್ಲಿ ಯಾಕೆ ಗುರುತು ಹಾಕ್ತೀಯ? ಪೈಪಿಗೆ ಆಗಲೇ ತೂತು ಕೊರೆದಿದ್ದೀನಿ, ಕೆಳಗೆ. ಇದು ಅವಳ ಖಾನೆ, ಇಲ್ಲಿ ಹಿಂದಿನ ಹಲಗೇಲಿ, ಅಷ್ಟು ಮೇಲೆ, ಇಷ್ಟಗಲ ತೂತು ಯಾತಕ್ಕೆ?

ಊದಿನಕಡ್ಡಿ ಹೊಗೆಗಾ?

ಅಣ್ಣಾ... ನನಗೆ ಅದು ಹೊಳೀಲೇ ಇಲ್ಲ. ಬಾಗಿಲು ಮುಚ್ಚಿದ್ರೆ ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಯೋಚನೇನೇ ಮಾಡಿರಲಿಲ್ಲ. ಅಳು ಬರ್ತಿದೆ, ಬಯ್ಯಬೇಡ. ನೀನೂ ಅಳ್ತಿದ್ದೀಯಲ್ಲ, ಇನ್ನೇನು ಬಯ್ತೀಯ.

ಇರು, ಡ್ರಿಲ್ ತರ್ತೀನಿ.