ಮೂಲೆ ಕತ್ತರಿಸಿದ ಪಾಸ್‌ಪೋರ್ಟು

ಮುಂದಿನ ಸಾಲಿನಲ್ಲಿ ಕೂತಿರುವ, ನಮ್ಮ ಅಣ್ಣನ ಮಡದಿ ಅಕ್ಕನವರಿಗೆ, ಅವರ ಮಗಳಿಗೆ, ಭಾನುವಾರದ ಒಂದೇ ಒಂದು ರಜೆಯನ್ನು ಬಿಟ್ಟು ಬಂದಿರುವ ನಿಮಗೆಲ್ಲರಿಗೂ ನಮಸ್ಕಾರ. ನನಗೆ ಭಾಷಣ ಬರುವುದಿಲ್ಲ. ನಾಲ್ಕು ದಿನದಿಂದ ನಿದ್ದೆಯೂ ಬಂದಿಲ್ಲ. ಮಾತು ಎಲ್ಲಾದರೂ ಅಡ್ಡದಾರಿ ಹಿಡಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹೇಳಲಿರುವುದನ್ನು ನನಗೆ ಮೊದಲು ಹೇಳಿದವರು — ಅಗೋ, ಕಿಟಕಿಯ ಪಕ್ಕ ಕೂತಿರುವ ನಮ್ಮ ನರ್ಸಮ್ಮ. ಹೇಳಿದ್ದು ಮೊನ್ನೆ ಗುರುವಾರ ಮಧ್ಯಾಹ್ನ, ಅಣ್ಣನ ಅಂತ್ಯಕ್ರಿಯೆ ಮುಗಿಸಿ ಬಂದು ಆಫೀಸಿನ ಬೀಗ ತೆಗೆದ ಮೇಲೆ. ಕೇಳಿದವರು ಮೂವರು — ಅಕ್ಕ, ನಮ್ಮ ಟೈಪಿಸ್ಟಮ್ಮ, ನಾನು. ಅವರ ಒಪ್ಪಿಗೆ ಪಡೆದೇ ನಿಮಗೂ ಹೇಳುತ್ತಿದ್ದೇನೆ.

ಅಣ್ಣನ ಆಫೀಸು ನಿಮಗೆಲ್ಲ ಗೊತ್ತು. ಇಸ್ತ್ರಿ ಅಂಗಡಿಯ ಮೇಲಿನ ಕೋಣೆ. ಚಳಿಗಾಲದಲ್ಲೂ ನೆಲ ಬೆಚ್ಚಗೆ. ಪರದೇಶಕ್ಕೆ ದುಡಿಯಲು ಬಂದ ನಾವು ತೆರಿಗೆ ರಿಟರ್ನ್ಸ್ ಅಂದ ಕೂಡಲೇ ಕೈಚೀಲದ ತುಂಬ ಕಾಗದ ತುಂಬಿಕೊಂಡು ಆ ಮೆಟ್ಟಿಲು ಹತ್ತಿದವರೇ. ಅಣ್ಣ ಏನು ಮಾಡುತ್ತಿದ್ದರು? ಚೀಲವನ್ನು ಹೀಗೆ — ಪಕ್ಕಕ್ಕೆ ಸರಿಸುತ್ತಿದ್ದರು. ಹೋದ ವರ್ಷದ ಕ್ಯಾಲೆಂಡರು ಬಿಚ್ಚಿ, ಎರಡು ಪೆನ್ಸಿಲ್ ಹಿಡಿದು, "ಕಾಗದ ಆಮೇಲೆ. ಮೊದಲು ವರ್ಷದ ಕಥೆ ಹೇಳಿ" ಅನ್ನುತ್ತಿದ್ದರು. ಇಲ್ಲಿ ಕಳೆದ ದಿನಕ್ಕೆ ಕೆಂಪು, ಊರಲ್ಲಿ ಕಳೆದ ದಿನಕ್ಕೆ ನೀಲಿ. ಎಷ್ಟು ದಿನ ಎಲ್ಲಿದ್ದೆವು ಎಂಬುದರ ಮೇಲೆಯೇ ಯಾವ ಸರ್ಕಾರ ತೆರಿಗೆಗೆ ನಮ್ಮನ್ನು ತನ್ನವರೆಂದು ಹಿಡಿಯುತ್ತದೆ ಅನ್ನುವುದು ನಿಂತಿದೆ. ನಾವೋ, ಜನವರಿಯಿಂದ ಶುರು ಮಾಡಿ ಮಾರ್ಚಿಗೆ ಬರುವಷ್ಟರಲ್ಲಿ ಭಾವನ ಜಗಳ, ತಂಗಿಯ ಹೆರಿಗೆ, ಎಲ್ಲ ಹೇಳಿ ಮುಗಿಸುತ್ತಿದ್ದೆವು. ಅಣ್ಣ ಕೇಳುತ್ತಿದ್ದರು, ಬಣ್ಣ ಹಚ್ಚುತ್ತಿದ್ದರು.

ಅವರ ಕೈಕೆಳಗೆ ಫಾರ್ಮು ತುಂಬುತ್ತಿದ್ದ ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಈಗ ಹೇಳಲೇಬೇಕು — ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಕೊನೆಯ ತಾರೀಖಿನ ವಾರ. ಮೆಟ್ಟಿಲಿನ ಮೇಲೆಲ್ಲ ಜನ. ನರ್ಸಮ್ಮ ನನ್ನ ಮೇಜಿಗೆ ಬಂದರು. ವರ್ಷದ ಕಥೆ ಕೇಳಲು ನನಗೆಲ್ಲಿ ಪುರುಸೊತ್ತು? ಪಾಸ್‌ಪೋರ್ಟು ಕೊಡಿ ಅಂದೆ, ಮುದ್ರೆಗಳನ್ನು ಎಣಿಸಿದೆ, ಫಾರ್ಮು ತುಂಬಿದೆ. ಆದರೆ ಅವರ ಪಾಸ್‌ಪೋರ್ಟು ಆ ವರ್ಷದ ನಡುವೆ ಬದಲಾಗಿತ್ತು. ಹಳೆಯದು, ಮೂಲೆ ಕತ್ತರಿಸಿ ರದ್ದು ಮಾಡಿದ್ದು, ಅವರ ಚೀಲದಲ್ಲೇ ಇತ್ತು. ತಾಯಿಯ ಕಾಯಿಲೆಗೆಂದು ಊರಿಗೆ ಹೋಗಿ ಮೂರು ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ಆ ಪ್ರಯಾಣದ ಮುದ್ರೆಗಳೆಲ್ಲ ಅದರಲ್ಲಿ. ನಾನು ಕೇಳಲಿಲ್ಲ. ಅವರಿಗೆ ಹೇಳಬೇಕೆಂದು ತಿಳಿಯಲಿಲ್ಲ. ಅಣ್ಣ ನನ್ನ ಮೇಲಿನ ನಂಬಿಕೆಯಿಂದ ಕೆಳಗೆ ಸಹಿ ಹಾಕಿದರು.

ಎರಡು ವರ್ಷದ ನಂತರ ಅವರಿಗೆ ನೋಟಿಸ್ ಬಂತು. ಸುಳ್ಳು ವಿವರ ಕೊಟ್ಟಿದ್ದೀರಿ, ಇಲ್ಲಿರುವ ಪರವಾನಗಿಯನ್ನು ಯಾಕೆ ಮುಂದುವರಿಸಬೇಕು ಎಂದು. ಕೆಲಸ ಹೋಗುತ್ತಿತ್ತು, ಮನೆ ಹೋಗುತ್ತಿತ್ತು. ಅವರು ಅಳುತ್ತ ಅಣ್ಣನ ಬಳಿ ಬಂದ ದಿನ ನಾನು ರಜೆಯಲ್ಲಿದ್ದೆ. ಅಣ್ಣ ಕ್ಯಾಲೆಂಡರು ಬಿಚ್ಚಿದರು, ಕಥೆ ಕೇಳಿದರು, ಮೂರು ತಿಂಗಳಿಗೆ ನೀಲಿ ಹಚ್ಚಿದರು. ಅವರನ್ನು ಕರೆದುಕೊಂಡು ತೆರಿಗೆ ಕಚೇರಿಗೆ ಹೋಗಿ ಬರೆದುಕೊಟ್ಟರು — "ಈಕೆ ಎರಡೂ ಪಾಸ್‌ಪೋರ್ಟು ತಂದಿದ್ದರು, ನೋಡದೆ ಬಿಟ್ಟವನು ನಾನು." ನರ್ಸಮ್ಮ ಉಳಿದುಕೊಂಡರು. ಅಣ್ಣ ಇನ್ನು ಮುಂದೆ ಯಾರ ರಿಟರ್ನ್ಸಿಗೂ ಸಹಿ ಹಾಕುವಂತಿಲ್ಲ ಎಂದು ಆದೇಶವಾಯಿತು.

ಹೊರಗೆ ಬರುತ್ತ ನರ್ಸಮ್ಮ ಕೇಳಿದರಂತೆ, ತಪ್ಪು ಮಾಡಿದ್ದು ನಿಮ್ಮ ಸಹಾಯಕರಲ್ಲವೇ ಎಂದು. ಅಣ್ಣ ಹೇಳಿದ್ದಿಷ್ಟು: "ಅವನಿಗೆ ಹೇಳಬೇಡ ತಾಯಿ. ಹೆದರಿದ ಕೈ ಮುಂದೆ ಒಂದು ಫಾರ್ಮೂ ತುಂಬೋದಿಲ್ಲ. ನಾನಿರೋವರೆಗೂ ಹೇಳಬೇಡ."

ರಜೆ ಮುಗಿಸಿ ಬಂದ ನನಗೆ ಅಣ್ಣ ಅಂದರು, "ಕೈ ನಡುಗ್ತಾ ಇದೆ ಕಣೋ. ಪರೀಕ್ಷೆ ಕಟ್ಟಿ ಪಾಸಾಗು. ಇನ್ಮೇಲೆ ಸಹಿ ನೀನೇ ಹಾಕು." ನಾನು ಹಿಗ್ಗಿದೆ. ಬಡ್ತಿ ಸಿಕ್ಕಿತು ಅಂದುಕೊಂಡೆ. ಕ್ಯಾಲೆಂಡರಿನ ಚೌಕಗಳಿಗೆ ಗೆರೆ ಮೀರದಂತೆ ಬಣ್ಣ ಹಚ್ಚುವ ಅವರನ್ನು ನೋಡಿ ಒಮ್ಮೆ ಛೇಡಿಸಿದ್ದೆ ಕೂಡ: "ಅಲ್ಲ ಅಣ್ಣ, ಪೆನ್ನು ಹಿಡಿದಾಗ ನಡುಗೋ ಕೈ ಪೆನ್ಸಿಲ್ ಹಿಡಿದ್ರೆ ನಡುಗಲ್ವಾ?" ಅವರು ನಕ್ಕು, ಮುಂದಿನ ಚೌಕಕ್ಕೆ ಬಣ್ಣ ಹಚ್ಚಿದರು.

ಗುರುವಾರ ಇದನ್ನೆಲ್ಲ ಕೇಳಿದ ಮೇಲೆ ಮೊದಲು ಬಾಯಿ ಬಿಟ್ಟವರು ಅಕ್ಕ. "ಹಾಗಾದ್ರೆ ಆ ನಡುಕಕ್ಕೆ ಅಂತ ಎರಡು ವರ್ಷ ಕಹಿ ಔಷಧಿ ಕುಡಿದ್ರಲ್ಲ. ಒಂದು ಹೊತ್ತೂ ತಪ್ಪಿಸಿರಲಿಲ್ಲ, ಪುಣ್ಯಾತ್ಮ." ಅಷ್ಟು ಹೇಳಿ ಅಕ್ಕ ನಕ್ಕರು. ನಕ್ಕ ಮೇಲೆ — ಏನಾಯಿತೆಂದು ನಾನು ಹೇಳಬೇಕಿಲ್ಲ.

ಈ ಸಭೆಯಲ್ಲಿ ಇದನ್ನು ಹೇಳಿದರೆ ನಿಮ್ಮಲ್ಲಿ ಅರ್ಧ ಜನ ನನ್ನ ಮೇಜಿಗೆ ಬರಲಿಕ್ಕಿಲ್ಲ. ಬರದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ. ಆದರೆ ಆ ತಪ್ಪು ಅಣ್ಣನ ಹೆಸರಿನಲ್ಲಿ ಯಾವುದೋ ಕಚೇರಿಯ ಕಪಾಟಿನಲ್ಲಿದೆ. ಅದು ನನ್ನದು. ಅಕ್ಕನ ಎದುರಿಗೆ, ನಿಮ್ಮೆಲ್ಲರ ಎದುರಿಗೆ ಹೇಳುತ್ತೇನೆ — ನನ್ನದು. ನಾಳೆ ಆ ಕಚೇರಿಗೆ ಹೋಗಿ ಬರೆದುಕೊಡುತ್ತೇನೆ.

ಶುಕ್ರವಾರ ಬೆಳಿಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ನಾವು ಮೂವರೂ ಆಫೀಸಿಗೆ ಬಂದೆವು. ನಾನು ಸಹಿ ಹಾಕಿಟ್ಟಿದ್ದ, ಇನ್ನೂ ಕಳಿಸದ ಹನ್ನೊಂದು ರಿಟರ್ನ್ಸ್ ಹೊರತೆಗೆದೆ. ವರ್ಷದ ಕಥೆ ಕೇಳದೆ ತುಂಬಿದವು ಅವುಗಳಲ್ಲಿ ನಾಲ್ಕಿದ್ದವು. ಹರಿದು ಹಾಕಿದೆ. ಟೈಪಿಸ್ಟಮ್ಮ ಆ ನಾಲ್ವರಿಗೂ ಫೋನು ಮಾಡಿ, ಹಳೆಯ ಪಾಸ್‌ಪೋರ್ಟು ಇದ್ದರೆ ಅದನ್ನೂ ತನ್ನಿ ಅಂದರು. ಅಕ್ಕ ಅಣ್ಣನ ಕುರ್ಚಿಯಲ್ಲಿ ಕೂತು ಮೊಂಡಾಗಿದ್ದ ಎರಡು ಪೆನ್ಸಿಲನ್ನೂ ಕೆತ್ತಿ, ನನ್ನ ಮೇಜಿನ ಮೇಲಿಟ್ಟು, ಮನೆಗೆ ಹೋದರು.

ಅಣ್ಣನಿಗಾಗಿ ಒಂದು ನಿಮಿಷದ ಮೌನಕ್ಕೆ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನಾನು ಗಡಿಯಾರ ನೋಡುವುದಿಲ್ಲ. ಅಕ್ಕ ಕೂತ ಮೇಲೆ ನಾವೂ ಕೂರೋಣ.