ಬೋರ್ಡಿನ ಮೇಲೆ ತೊಂಬತ್ತು

...ಏಳ್ಬೇಡಿ ಸಾವ್ಕಾರ್ರೆ, ಕೂತಿರಿ. ನಾನು ಇಲ್ಲೇ ಈ ಖಾಲಿ ಪೆಟ್ಟಿಗೆ ಮೇಲೆ ಕೂತ್ಕೋತೀನಿ. ಹಿಂದಿನ ಬಾಗಿಲಿಂದ ಬಂದೆ ಅಂತ ತಪ್ಪು ತಿಳೀಬೇಡಿ. ಅಂಗಡಿ ಕಡೆಯಿಂದ ಬರೋಣ ಅಂದ್ರೆ ಬೀಗದ ಮೇಲೆ ಅರಗಿನ ಮುದ್ರೆ. ಇವತ್ತಿಗೆ ಒಂಬತ್ತು ದಿನ ಆಯ್ತಲ್ವಾ? ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನು, ಹೀಗೆ ಒಬ್ಬರ ಹಿತ್ತಿಲ ಬಾಗಿಲು ತಟ್ತೀನಿ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ.

ವಿಷಯ ಇಷ್ಟೇ. ನನ್ನ ಮೊಮ್ಮಗಳು, ಮೂರು ತಿಂಗಳ ಕೂಸು. ಮಗಳಿಗೆ ಜ್ವರ ಬಂದು ಎದೆಹಾಲು ನಿಂತುಹೋಯ್ತು. ಹಾಲಿನ ಪುಡಿ ಬೇಕು. ಬೆಳಗ್ಗೆಯಿಂದ ಹನ್ನೊಂದು ಅಂಗಡಿ ಸುತ್ತಿದೀನಿ. ರೇಟಿನ ಬಗ್ಗೆ ಎರಡು ಮಾತಿಲ್ಲ, ಎಲ್ಲಾ ಕಡೆ ಸರ್ಕಾರ ಹೇಳಿದ್ದೇ, ಡಬ್ಬಿಗೆ ತೊಂಬತ್ತು. ಬೋರ್ಡಿನ ಮೇಲೆ ದುಂಡಗೆ ಬರೆದು ನೇತುಹಾಕಿದಾರೆ. ಡಬ್ಬಿ ಮಾತ್ರ ಇಲ್ಲ. ಗಡಿ ಮುಚ್ಚಿ ಲಾರಿ ನಿಂತ ಮೇಲೆ ಈ ಊರಲ್ಲಿ ಕೈತುಂಬ ಕೆಲಸ ಇರೋದು ಬೋರ್ಡ್ ಬರೆಯೋನೊಬ್ಬನಿಗೆ.

ನಗ್ತಿದೀರಾ? ನಗಿ. ರೇಡಿಯೋದಲ್ಲೂ ಹೇಳಿದ್ರು, ಬೆಲೆ ಒಂದು ಕಾಸೂ ಏರಿಲ್ಲ ಅಂತ. ನಿಜವೇ. ಇಲ್ಲದ ಸಾಮಾನಿನ ಬೆಲೆ ಏರೋದಾದ್ರೂ ಹೇಗೆ?

ಹನ್ನೊಂದನೇ ಅಂಗಡಿಯವನು ಏನಂದ ಗೊತ್ತಾ? "ಮೇಷ್ಟ್ರೇ, ಎಲ್ಲಿಂದಲೋ ಪೇಚಾಡಿ ತರ್ತಾ ಇದ್ದವರು ಅವರೊಬ್ಬರೇ. ಅವರ ಅಂಗಡೀನೇ ಮುಚ್ಚಿಸಿದ್ರು." ನಿಮ್ಮ ವಿಷಯವೇ ಅವನು ಹೇಳಿದ್ದು. ನೀವು ಲಾರಿಯವರ ಕೈಕಾಲು ಹಿಡಿದು ನೂರಾ ಹತ್ತಕ್ಕೆ ತಂದು ನೂರಾ ಇಪ್ಪತ್ತಕ್ಕೆ ಕೊಡ್ತಿದ್ರಿ. ಹತ್ತರಲ್ಲಿ ಏನು ಮಹಲು ಕಟ್ಟೋಕಾಗುತ್ತೆ? ಸರ್ಕಾರಿ ರೇಟಿಗಿಂತ ಜಾಸ್ತಿ ತಗೋತಾರೆ ಅಂತ ಯಾರೋ ಹೊಟ್ಟೆಕಿಚ್ಚಿನವರು ಆಫೀಸರಿಗೆ ಅರ್ಜಿ ಹಾಕಿದ್ರು. ಇಂಥವರಿಂದಲೇ ಊರು ಕೆಡೋದು.

ಆದ್ರೆ ಒಂದು ಹೇಳ್ತೀನಿ, ಆ ಬರೆದವನಿಗೂ ಇಷ್ಟು ದೂರ ಹೋಗುತ್ತೆ ಅಂತ ಅನ್ನಿಸಿರಲಿಕ್ಕಿಲ್ಲ. ಸೀಲು ಹಾಕಿ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. "ಕರೆದು ಎಚ್ಚರಿಕೆ ನೀಡಬೇಕಾಗಿ ವಿನಂತಿ", ಅಷ್ಟೇ ಇದ್ದಿದ್ದು...

ಯಾಕೆ ಹಾಗೆ ನೋಡ್ತೀರಿ?

ಯಾರೋ ಹೇಳಿದ್ರು. ಕಟಿಂಗ್ ಶಾಪಲ್ಲಿ. ಅಲ್ಲಿ ಗೊತ್ತಾಗದ ವಿಷಯ ಯಾವುದಿದೆ? ಅರ್ಜಿ ಬಿಡಿ, ಆಫೀಸರ್ ಮನೆ ಅಡುಗೇನೂ ಗೊತ್ತಾಗುತ್ತೆ.

 

ಅಯ್ಯೋ, ಯಾಕೆ ಸಾವ್ಕಾರ್ತಿ ತಾಯಿ, ನೀವ್ಯಾಕೆ ಒಳಗಿಂದ ಎದ್ದು ಬಂದ್ರಿ? ಈ ಡಬ್ಬಿ... ಇದು ಆಗಲೇ ಬಳಸ್ತಿರೋ ಡಬ್ಬಿ. ನಿಮ್ಮ ಸೊಸೆ ಮಗೂಗೆ ಇಟ್ಟಿದ್ದಲ್ವಾ ಇದು? ಬೇಡಮ್ಮ. ಅಷ್ಟು ಸುರೀಬೇಡಿ. ಅರ್ಧಕ್ಕರ್ಧ ಆಯ್ತು, ಸಾಕು, ನಿಮ್ಮ ಕೂಸಿಗೆ ನಾಳೆ ಏನು ಮಾಡ್ತೀರಿ?

ಎಷ್ಟು ಕೊಡ್ಲಿ ಸಾವ್ಕಾರ್ರೆ? ತೊಂಬತ್ತರ ಲೆಕ್ಕ ಬೇಡ. ನೂರಿಪ್ಪತ್ತೂ ಬೇಡ, ನೀವು ಬಾಯಲ್ಲಿ ಏನು ಹೇಳ್ತೀರೋ ಅದು. ಹೇಳಿ. ದುಡ್ಡು ಬೇಡ ಅಂತ ತಲೆ ಆಡಿಸಿದ್ರೆ ಹೇಗೆ? ಧರ್ಮಕ್ಕೆ ಇಸ್ಕೊಳ್ಳೋಕೆ ನನಗೇನಾಗಿದೆ?

...

ಆಫೀಸರು ಆ ಕಾಗದ ನಿಮಗೆ ತೋರಿಸಿದ್ರಾ?

ತೋರಿಸಿದ್ರು ಅಂತಾಯ್ತು. ಕೆಳಗೆ ಹೆಸರಿರಲಿಲ್ಲ. ಇದ್ದು ಆಗಬೇಕಾದ್ದೇನು? ನಿಮ್ಮ ಇಬ್ಬರು ಮಕ್ಕಳಿಗೂ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು. ಈ ಬೀದಿಯಲ್ಲಿ ನನ್ನ ಕೈಬರಹ ಗುರುತಿಸದ ಮನೆ ಯಾವುದಿದೆ?

ಗೊತ್ತಿದ್ದೂ ಬಾಗಿಲು ತೆಗೆದ್ರಾ. ಈ ತಾಯಿಗೂ ಗೊತ್ತಾ?

ಬೈಯಿರಿ ಸಾವ್ಕಾರ್ರೆ. ಎದ್ದು ಹೋಗು ಅನ್ನಿ. ನೀವು ಹೀಗೆ ಸುಮ್ಮನೆ ಕೂತ್ರೆ ನಾನು ಕಾನೂನಿನ ಮಾತು ಆಡ್ಲಿಕ್ಕೂ ಆಗಲ್ಲ. ಬರುವಾಗ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ, ಸಿಕ್ಕಿಬಿದ್ರೆ ಹೇಳೋಕೆ ಅಂತ. ನ್ಯಾಯವಾದ ಬೆಲೆ, ನಾಗರಿಕನ ಕರ್ತವ್ಯ... ಅದ್ಯಾವುದೂ ಅಲ್ಲ. ಅವತ್ತು ಮನೆಯಲ್ಲಿ ಒಂದು ಡಬ್ಬಿ ಇರಲಿ ಅಂತ ಬಂದು ನಾನು ತೊಂಬತ್ತಕ್ಕೆ ಕೊಡಿ ಅಂದಾಗ ನೀವು "ಬೇಕಾದ್ರೆ ತಗೊಳ್ಳಿ, ಬೇಡಾದ್ರೆ ಜಾಗ ಬಿಡಿ" ಅಂದ್ರಲ್ಲ, ಕ್ಯೂನಲ್ಲಿ ನನ್ನ ಹಳೇ ಶಿಷ್ಯರು ನಾಲ್ಕು ಜನ ನಿಂತಿದ್ರು. ಅವರು ನಕ್ಕರು.

ಅಷ್ಟೇ. ಅಷ್ಟಕ್ಕೇ ಬರೆದೆ.